ಹಾವುರಾಣಿಯೊಳಗಿನ ‘ರಾಣಿ’ ಯಾರು? ಸಾಲಮ್ಯಾಂಡರ್‌ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹೋದ ಭಾನುವಾರ ಚಿತ್ರದುರ್ಗದಲ್ಲಿ ನಮ್ಮಕ್ಕನ ಮನೆಯಲ್ಲಿದ್ದೆ. ಹಿಂದಿನ ರಾತ್ರಿ ಜೋರು ಮಳೆ. ಹಿತ್ತಲಲ್ಲಿ ಒಟ್ಟಿದ್ದ ಸೈಜುಗಲ್ಲುಗಳನ್ನು ಪಕ್ಕಕ್ಕೆ ಇಡುತ್ತಿದ್ದಾಗ ಒಂದರ ಅಡಿಯಿಂದ ನುಣ್ಣಗೆ ಹೊಳೆಯುವ ಕಂದು ಜೀವಿಯೊಂದು ಸರಕ್ಕನೆ ಹೊರಬಂತು. ಗೇಣುದ್ದವೂ ಇಲ್ಲ. ಬಾಲ ಮಾತ್ರ ಕುಂಕುಮ ಹಚ್ಚಿದ ಹಾಗೆ ಕೆಂಪು. ಅಕ್ಕನ ಮಗ ಏಳನೇ ಕ್ಲಾಸು. ಫೋಟೊ ತೆಗೆದು ಮೊಬೈಲಿನಲ್ಲಿ ಹುಡುಕಿ, ‘ಮಾಮ, ಸಾಲಮ್ಯಾಂಡರ್!’ ಅಂತ ಕುಣಿದ. ಅಕ್ಕನ ಅತ್ತೆ ಕಟ್ಟೆ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಿ ನೋಡಿ ಒಂದೇ ಮಾತಲ್ಲಿ ಮುಗಿಸಿದರು: ‘ಹಾವ್ರಾಣಿ ಕಣೋ ಅದು. ಮುಟ್ಟಬ್ಯಾಡ. ಅದು ಕಚ್ಚಲ್ಲ, ನೆಕ್ಕುತ್ತೆ. ನೆಕ್ಕಿದ್ರೆ ಮುಗೀತು.’

ಅಜ್ಜಿ ಹೆಸರಿನಲ್ಲಿ ಸರಿ, ವಿಷದ ವಿಷಯದಲ್ಲಿ ತಪ್ಪು. ಮೊಬೈಲು ಎರಡರಲ್ಲೂ ಲೆಕ್ಕಕ್ಕಿಲ್ಲ.

ಸಾಲಮ್ಯಾಂಡರ್ ಅಲ್ಲ ಅಂತ ಹೇಗೆ ಗೊತ್ತು ಅಂದರೆ, ನೋಡುವುದು ಸುಲಭ. ಆ ಜೀವಿ ಗೋಡೆ ಮೂಲೆಯಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಂತಿತ್ತು. ಹುಡುಗ ಭೂತಗನ್ನಡಿ ತಂದ. ಮೈ ತುಂಬ ಮೀನಿನ ಹಾಗೆ ಒಂದರ ಮೇಲೊಂದು ಕೂತ ಹೊಳೆಯುವ ಹುರುಪೆ. ಕಣ್ಣಿನ ಹಿಂದೆ ಕಿವಿಯ ತೂತು. ಬೆರಳ ತುದಿಯಲ್ಲಿ ಉಗುರು. ಮುಂಗಾಲಿಗೆ ಐದು ಬೆರಳು. ಸಾಲಮ್ಯಾಂಡರ್‌ಗೆ ಹುರುಪೆ ಇರುವುದಿಲ್ಲ, ಕಿವಿಯ ತೂತೂ ಇಲ್ಲ. ಸಾಮಾನ್ಯವಾಗಿ ಮುಂಗಾಲಿಗೆ ನಾಲ್ಕೇ ಬೆರಳು, ಉಗುರಿಲ್ಲ. ಚರ್ಮ ಕಪ್ಪೆಯದರಂತೆ ತೇವ. ಅದು ಕಪ್ಪೆಯ ದಾಯಾದಿ, ಹಲ್ಲಿಯದಲ್ಲ. ಭಾರತದಲ್ಲಿ ಅದನ್ನು ನೋಡಬೇಕಾದರೆ ಡಾರ್ಜಿಲಿಂಗ್ ಕಡೆಗೋ ಈಶಾನ್ಯದ ಬೆಟ್ಟಗಳಿಗೋ ಹೋಗಬೇಕು. ದುರ್ಗದ ಬಂಡೆ ಬಿಸಿಲಿಗೂ ಅದಕ್ಕೂ ಆಗಿಬರುವುದಿಲ್ಲ. ನಮಗೆ ಸಿಕ್ಕಿದ್ದು ಹಾವುರಾಣಿ ಜಾತಿಯ ಮರಿ. ಇವುಗಳಲ್ಲಿ ಒಂದು ಬಗೆಗೆ ಮರಿಯಾಗಿದ್ದಾಗ ಬಾಲ ಹೀಗೆ ಕೆಂಪಗಿರುತ್ತೆ, ಬೆಳೆದಂತೆ ಮಾಸುತ್ತೆ. ಹಿಡಿಯಲು ಹೋದರೆ ಬಾಲ ಕಳಚಿಟ್ಟು ಓಡುತ್ತೆ, ಆಮೇಲೆ ಹೊಸದು ಚಿಗುರುತ್ತೆ. ವಿಷ ಇಲ್ಲವೇ ಇಲ್ಲ. ಪಾಪದ್ದು, ಹುಳ ತಿಂದುಕೊಂಡು ಬದುಕುತ್ತೆ.

ಇಲ್ಲಿಂದ ನನ್ನ ಪದದ ಚಿಂತೆ ಶುರು.

ಹುಡುಗ ಕೇಳಿದ: ‘ಹಾವಿನ ರಾಣಿ ಅಂದ್ರೆ ಇದು ಹಾವಿನ ಹೆಂಡ್ತಿನಾ?’ ನಾನೂ ಚಿಕ್ಕಂದಿನಲ್ಲಿ ಹಾಗೇ ಅಂದುಕೊಂಡಿದ್ದೆ. ಈಗ ಅನಿಸುವುದು, ಈ ‘ರಾಣಿ’ ಅರಮನೆಯ ರಾಣಿ ಅಲ್ಲವೇ ಅಲ್ಲ. ತಮಿಳಿನಲ್ಲಿ ಇದೇ ಜೀವಿಗೆ ಅರಣೈ, ಮಲಯಾಳದಲ್ಲಿ ಅರಣ, ತುಳುವಿನಲ್ಲಿ ಅರಣೆ. ಕನ್ನಡದ ಹಳೆಯ ನಿಘಂಟುಗಳಲ್ಲೂ ಅರಣೆ, ರಾಣೆ, ರಾಣಿ ಅನ್ನುವ ರೂಪಗಳಿವೆ. ಮೊದಲಿನ ‘ಅ’ ಉದುರಿ ರಾಣೆ, ಆಮೇಲೆ ರಾಣಿ. ಮೈ ಹಾವಿನ ಹಾಗಿರುವುದರಿಂದ ಮುಂದೆ ‘ಹಾವು’ ಸೇರಿತು. ಹಾವುರಾಣಿ ಅಂದರೆ ಹಾವಿನಂಥ ಅರಣೆ, ಅಷ್ಟೇ. ರಾಜನ ಹೆಂಡತಿ ರಾಣಿ ಸಂಸ್ಕೃತದ ರಾಜ್ಞಿಯ ಕಡೆಯಿಂದ ಬಂದವಳು. ಅವಳು ಇಲ್ಲಿ ಆಮೇಲೆ ಬಂದು ಕೂತವಳು. ಪದದ ಮೂಲ ಮರೆತಾಗ ಜನ ತಮಗೆ ಗೊತ್ತಿರುವ ಅರ್ಥ ತುಂಬುತ್ತಾರೆ ಅಲ್ವಾ, ಹಾಗೆ.

ಅಜ್ಜಿಯ ಹೆದರಿಕೆಯೂ ಹಳೆಯದೇ. ಮಲಯಾಳದಲ್ಲಿ ‘ಅರಣ ಕಡಿಚ್ಚಾಲ್ ಉಡನೆ ಮರಣಂ’ ಅಂತ ಗಾದೆಯೇ ಇದೆ. ಅರಣ ಕಚ್ಚಿದರೆ ಆಗಲೇ ಸಾವು ಅಂತ. ತಮಾಷೆ ಅಂದರೆ, ಅದು ಕಚ್ಚಲು ಬಂದು ಯಾಕೆ ಬಂದೆ ಅನ್ನುವುದನ್ನೇ ಮರೆತುಬಿಡುತ್ತೆ ಅಂತಲೂ ಅವರೇ ಹೇಳುತ್ತಾರೆ. ಮರೆಗುಳಿಯನ್ನು ಅರಣಕ್ಕೆ ಹೋಲಿಸುತ್ತಾರೆ. ಅರಣ, ಮರಣ ಪ್ರಾಸ ಕೂಡಿದ್ದಕ್ಕೇ ಈ ಬಡಪಾಯಿಗೆ ವಿಷ ಅಂಟಿಕೊಂಡಿತೇನೋ ಅಂತ ನನ್ನ ಗುಮಾನಿ.

ನಮ್ಮ ಕಡೆ ಈ ಜೀವಿಗಳ ಹೆಸರು ಒಂದರ ಮೇಲೊಂದು ಹತ್ತಿ ಕೂತಿರುವುದು ಇಲ್ಲೊಂದೇ ಅಲ್ಲ. ದುರ್ಗದ ಕೋಟೆ ಬಂಡೆಗಳ ಮೇಲೆ ಬೆದೆಗಾಲದಲ್ಲಿ ಬೆನ್ನು ಕೆಂಪು, ಪಕ್ಕ ಕಪ್ಪು ಮಾಡಿಕೊಂಡು ತಲೆ ಆಡಿಸುವ ಓತಿ ನೋಡಿರುತ್ತೀರಿ. ಕೋಟೆ ನೋಡಲು ಬಂದವರು ಅದನ್ನು ಊಸರವಳ್ಳಿ ಅಂತ ತೋರಿಸುತ್ತಾರೆ. ಬಣ್ಣ ಬದಲಿಸುತ್ತೆ, ನಿಜ. ಆದರೆ ಊಸರವಳ್ಳಿ ಬೇರೆ. ಎರಡು ಕಣ್ಣನ್ನೂ ಬೇರೆ ಬೇರೆ ಕಡೆ ತಿರುಗಿಸಿಕೊಂಡು, ಕೊಂಬೆಗೆ ಬಾಲ ಸುತ್ತಿಕೊಂಡು, ಒಂದೊಂದೇ ಹೆಜ್ಜೆ ಇಡುವುದು ಅದು. ಗೋಸುಂಬೆ ಅಂದರೂ ಅದೇ. ಉಡ ಒಂದು ಮಾತ್ರ ಯಾರಿಗೂ ಗೊಂದಲ ಆಗುವುದಿಲ್ಲ. ಅದರ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತುತ್ತಿದ್ದರು ಅನ್ನುವ ಕಥೆ ಕೇಳಿಯೇ ನಾವು ಬೆಳೆದಿದ್ದು. ‘ಉಡದ ಪಟ್ಟು’ ಅಂತ ಮಾತೇ ಇದೆ.

ಈಗ ಸಾಲಮ್ಯಾಂಡರ್‌ಗೆ ಬರೋಣ. ಮಕ್ಕಳಿಗೆ ಪ್ರಾಣಿಗಳ ಬಗ್ಗೆ ಚಿಕ್ಕ ಚಿಕ್ಕ ಬರಹ ಬರೆಯುತ್ತೇನೆ, ಅಲ್ಲಿ ಇದು ಬೇಕಾಗಿದೆ. ‘ನೀರುಹಲ್ಲಿ’ ಅನ್ನಬಹುದು ಅಂತ ಒಬ್ಬ ಗೆಳೆಯ ಸೂಚಿಸಿದ. ನನಗೆ ಒಪ್ಪಿಗೆಯಿಲ್ಲ. ಹಲ್ಲಿ ಅಂದ ಕೂಡಲೇ ಅದು ಹಾವು, ಆಮೆಗಳ ಸಾಲಿಗೆ ಹೋಗಿಬಿಡುತ್ತೆ. ಮೊಬೈಲು ಮಾಡಿದ ತಪ್ಪನ್ನೇ ನಾವು ತಿರುಗಿಸಿ ಮಾಡಿದ ಹಾಗೆ.

‘ಬಾಲಗಪ್ಪೆ’ ಅಂದರೆ ಹೇಗೆ? ವಿಜ್ಞಾನಿಗಳೂ ಬಾಲ ನೋಡಿಯೇ ಹೆಸರಿಟ್ಟಿದ್ದಾರೆ. ಕಪ್ಪೆಗಳ ಗುಂಪಿಗೆ ಅನೂರ, ಅಂದರೆ ಗ್ರೀಕಿನಲ್ಲಿ ಬಾಲವಿಲ್ಲದ್ದು. ಸಾಲಮ್ಯಾಂಡರ್ ಗುಂಪಿಗೆ ಕಾಡೇಟ, ಲ್ಯಾಟಿನ್ನಿನಲ್ಲಿ ಬಾಲವುಳ್ಳದ್ದು. ಗೊದಮೊಟ್ಟೆ ಬೆಳೆದು ಕಪ್ಪೆಯಾಗುವಾಗ ಬಾಲ ಕರಗಿಹೋಗುತ್ತೆ, ಸಾಲಮ್ಯಾಂಡರ್‌ದು ಹಾಗೇ ಉಳಿಯುತ್ತೆ. ಹೆಸರಿನಲ್ಲೇ ಪಾಠ ಇದೆ. ಆದರೆ ನಮ್ಮ ಹುಡುಗ ಇದನ್ನು ಕೇಳಿ, ‘ಬಾಲಗಪ್ಪೆ ಅಂದ್ರೆ ಗೊದಮೊಟ್ಟೆ ಅಲ್ವಾ?’ ಅಂದುಬಿಟ್ಟ. ನನ್ನ ಉತ್ಸಾಹ ಅರ್ಧ ಇಳಿಯಿತು. ನಮ್ಮ ನೆಲದಲ್ಲಿಲ್ಲದ ಜೀವಿಗೆ ಸಾಲಮ್ಯಾಂಡರ್ ಅಂತಲೇ ಇಟ್ಟುಕೊಂಡರೂ ತಪ್ಪೇನಿಲ್ಲ. ಪೆಂಗ್ವಿನ್‌ಗೆ ನಾವು ಬೇರೆ ಹೆಸರು ಹುಡುಕಲಿಲ್ಲವಲ್ಲ.

ನನಗೆ ಬೇಕಿರುವುದು ಇಷ್ಟು. ನಿಮ್ಮ ಊರಿನಲ್ಲಿ ‘ಹಾವು’ ಸೇರಿಸದೆ ಬರೀ ಅರಣೆ ಅಥವಾ ರಾಣೆ ಅಂತ ಈಗಲೂ ಅನ್ನುವವರು ಇದ್ದಾರಾ? ದಾವಣಗೆರೆ, ಹರಿಹರ, ಹೊಳಲ್ಕೆರೆ, ಚಳ್ಳಕೆರೆ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಚಳ್ಳಕೆರೆ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ಏನಂತಾರೆ ಅನ್ನುವುದೂ ಬೇಕು. ಬಾಲಗಪ್ಪೆಗೆ ಗೊದಮೊಟ್ಟೆಯ ತೊಡಕು ಬಿಡಿಸುವ ದಾರಿ ಯಾರಿಗಾದರೂ ಹೊಳೆದರೆ ಅದನ್ನೂ ತಿಳಿಸಿ.

ಅಂದ ಹಾಗೆ, ಆ ಮರಿ ಅವತ್ತೇ ಮತ್ತೆ ಕಲ್ಲಿನ ಅಡಿ ಸೇರಿಕೊಂಡಿತು. ಅಜ್ಜಿ ಮಾತ್ರ ಇನ್ನೂ ಆ ಮೂಲೆಗೆ ಹೋಗುತ್ತಿಲ್ಲ.