ಚಿಂಟುವಿನ ಗಾಯನಕ್ಕೆ ಜಿಲ್ಲಾಧಿಕಾರಿಯ ಅನುಮತಿ

ಮೊಮ್ಮಗ ಚಿಂಟುವನ್ನು ಟಿವಿಯ ಮಕ್ಕಳ ಗಾಯನ ಸ್ಪರ್ಧೆಗೆ ಕಳುಹಿಸುವುದೆಂದು ಮನೆಮಂದಿಯೆಲ್ಲ ತೀರ್ಮಾನಿಸಿರುವ ಸಂಗತಿಯನ್ನು ಪದ್ದಕ್ಕ ಹೆಮ್ಮೆಯಿಂದ ಸಾರಿ, ಮಾದರಿಗೆ ಈಗಲೇ ಒಂದು ಹಾಡು ಹೇಳಿಸುತ್ತೇನೆಂದಾಗ ಶಾಮರಾಯರು ಕಾಫಿಯ ಲೋಟವನ್ನು ಕೆಳಗಿಟ್ಟರು.

“ಜಿಲ್ಲಾಧಿಕಾರಿಯ ಅನುಮತಿ ಆಗಿದೆಯೇ?”

“ನಮ್ಮ ಜಗಲಿಯಲ್ಲಿ ನಮ್ಮ ಮಗು ಹಾಡುವುದಕ್ಕೆ ಅನುಮತಿಯೇ?”

“ಜಗಲಿಗೆ ಬೇಡ, ಟಿವಿಗಾದರೆ ನಿರ್ಮಾಪಕರು ಪಡೆಯಲೇಬೇಕು. ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಕೂಡದೆಂದು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ವಿಧಿಸಿದೆ. ಆದರೆ ಶಾಲೆ ಬಿಟ್ಟ ಮೇಲೆ ಮನೆಯ ಕಸುಬಿಗೆ ಕೈಜೋಡಿಸಬಹುದು, ಓದಿಗೆ ಅಡ್ಡಿಯಾಗದಂತೆ ಕಲಾವಿದನಾಗಿ ಕ್ಯಾಮೆರಾದ ಮುಂದೆ ನಿಲ್ಲಬಹುದು ಎಂದು ಎರಡು ಕಿಂಡಿಗಳನ್ನೂ ಬಿಟ್ಟಿದೆ. ದಿನಕ್ಕೆ ಐದು ಗಂಟೆ ಮೀರಬಾರದು, ಮೂರು ಗಂಟೆಯಾದರೆ ವಿರಾಮ ಕೊಡಬೇಕು. ಆ ವಿರಾಮ ಕೇಳುಗರಿಗೂ ಉಂಟೇ ಎಂಬುದನ್ನು ಮಾತ್ರ ನಿಯಮ ಬರೆದವರು ಮರೆತಿದ್ದಾರೆ.”

ಪದ್ದಕ್ಕನ ಮುಖ ಕೆಂಪಾಯಿತು. ವಕೀಲ ಶೀನು ಮಧ್ಯಸ್ಥಿಕೆಗೆ ಬಂದರು. “ಗಾಬರಿ ಬೇಡ ಪದ್ದಕ್ಕ. ಏಳು ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧವಲ್ಲವೆಂದು ಭಾರತೀಯ ನ್ಯಾಯ ಸಂಹಿತೆಯ 20ನೆಯ ಕಲಮು ಹೇಳುತ್ತದೆ. ಹಳೆಯ ದಂಡಸಂಹಿತೆಯಲ್ಲಿಯೂ ಹಾಗೆಯೇ ಇತ್ತು.”

“ಹಾಗಾದರೆ ಈಗಲೇ ಹಾಡಿಸಿಬಿಡಿ,” ಎಂದರು ರಾಯರು. “ಮುಂದಿನ ತಿಂಗಳು ಅವನಿಗೆ ಏಳು ತುಂಬುತ್ತದೆ. ಆಮೇಲೆ ಹನ್ನೆರಡರವರೆಗೆ, ತಾನು ಮಾಡುತ್ತಿರುವುದರ ಪರಿಣಾಮ ಅವನಿಗೆ ತಿಳಿದಿತ್ತೇ ಎಂದು ನ್ಯಾಯಾಲಯ ವಿಚಾರಿಸಬೇಕಾಗುತ್ತದೆ. ಶ್ರುತಿಯ ವಿಷಯದಲ್ಲಿ ಅವನು ಖಂಡಿತ ಖುಲಾಸೆಯಾಗುತ್ತಾನೆ. ನನ್ನ ಅನುಮಾನವಿರುವುದು ಅವನನ್ನು ಹುರಿದುಂಬಿಸುವ ದೊಡ್ಡವರ ಮೇಲೆ. ಹದಿನೆಂಟಕ್ಕೆ ಮತ ಹಾಕುವ ಬುದ್ಧಿ ಬರುತ್ತದೆಂದು ಸಂವಿಧಾನದ 61ನೆಯ ತಿದ್ದುಪಡಿಯಲ್ಲಿ ಒಪ್ಪಿಕೊಂಡೆವು. ತೀರ್ಪುಗಾರರೆದುರು ಮಗು ಅತ್ತರೆ ಅದಕ್ಕೆ ಹಿನ್ನೆಲೆ ಸಂಗೀತ ಕೂಡಿಸಿ ತೋರಿಸಬಾರದೆಂಬ ಬುದ್ಧಿ ಎಷ್ಟನೆಯ ವಯಸ್ಸಿಗೆ ಬರುತ್ತದೆಂದು ಯಾವ ತಿದ್ದುಪಡಿಯಲ್ಲಿಯೂ ಇಲ್ಲ.”

“ಬಂದ ಹಣದಲ್ಲಿ ಕನಿಷ್ಠ ನೂರಕ್ಕೆ ಇಪ್ಪತ್ತನ್ನು ಮಗುವಿನ ಹೆಸರಿನಲ್ಲಿಯೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕೆಂಬ ನಿಯಮವೂ ಇದೆ,” ಎಂದು ಶೀನು ಸಮಾಧಾನ ಹೇಳಿದರು.

“ಉಳಿದ ಎಂಬತ್ತರಲ್ಲಿ ಮನೆಗೆ ಮಹಡಿ ಏಳುತ್ತದೆ, ಅಲ್ಲವೇ?”

ಅದುವರೆಗೆ ಸುಮ್ಮನಿದ್ದ ಭಟ್ಟರು ನಕ್ಕರು. ಹತ್ತನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬಯಿಗೆ ಹೋಗಿ, ಹಗಲು ಹೋಟೆಲಿನಲ್ಲಿ ಮಾಣಿಯಾಗಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ತೂಕಡಿಸುತ್ತ ಕಲಿತವರು ಅವರು.

“ನನ್ನ ಸಂಬಳ ಇಡಿಯಾಗಿ ಮನಿಯಾರ್ಡರಿನಲ್ಲಿ ಊರಿಗೆ ಹೋಗುತ್ತಿತ್ತು. ಇಪ್ಪತ್ತೂ ಇಲ್ಲ, ಎಂಬತ್ತೂ ಇಲ್ಲ.”

“ಮಗುವಿನ ಇಚ್ಛೆಗೆ ವಿರುದ್ಧವಾಗಿ ಕ್ಯಾಮೆರಾದ ಮುಂದೆ ನಿಲ್ಲಿಸಕೂಡದೆಂದು ಈಗ ಬರೆದಿಟ್ಟಿದ್ದಾರೆ ಭಟ್ಟರೇ. ಅಂದು ಮುಂಬಯಿಗೆ ಕಳಿಸುವಾಗ ನಿಮ್ಮನ್ನು ಯಾರಾದರೂ ಕೇಳಿದ್ದರೆ?” ಎಂದರು ರಾಯರು.

“ಸಂತೋಷದಿಂದ ಒಪ್ಪಿಕೊಳ್ಳುತ್ತಿದ್ದೆ,” ಎಂದರು ಭಟ್ಟರು. “ಹೋಟೆಲಿನಲ್ಲಿ ಎರಡು ಹೊತ್ತು ಊಟವಿತ್ತಲ್ಲ.”