ಬೆಂಗಳೂರು–ಮಂಗಳೂರು: ವಿಮಾನದಲ್ಲಿ ನಿಜಕ್ಕೂ ಎಷ್ಟು ಹೊತ್ತು?

ಬನಶಂಕರಿಯವನು: ಜುಲೈನಲ್ಲಿ ಅಮ್ಮನನ್ನು ಮಂಗಳೂರಿಗೆ ಕರ್ಕೊಂಡು ಹೋಗಬೇಕು. ಅವರಿಗೆ ಮಂಡಿನೋವು, ವಿಮಾನ ಇದೇ ಮೊದಲು. ರಸ್ತೆಯಲ್ಲಿ ಸುಮಾರು 350 ಕಿ.ಮೀ., ಟಿಕೆಟ್‌ನಲ್ಲಿ 1 ಗಂಟೆ 5 ನಿಮಿಷ ಅಂತಿದೆ. ಮನೆಯಿಂದ ಮನೆಗೆ ಎಷ್ಟಾಗುತ್ತೆ? ಅನುಭವ ಇದ್ದವರು ಹೇಳಿ.

ಬಜ್ಪೆ ಗುಡ್ಡೆ: ಎಂತ ಒಂದು ಗಂಟೆ ಮಾರಾಯ್ರೆ! ಕಳೆದ ಮಳೆಗಾಲ ನಾನು ಜಯನಗರದಿಂದ ಬೆಳಿಗ್ಗೆ 4ಕ್ಕೆ ಹೊರಟದ್ದು. ಟ್ಯಾಕ್ಸಿಗೆ 1,340 ರೂಪಾಯಿ, ಟೋಲ್ ಬೇರೆ. ದೇವನಹಳ್ಳಿಯಲ್ಲಿ ಬ್ಯಾಗ್ 18 ಕೆ.ಜಿ. ತೂಗಿತು. 15ರ ಮೇಲಿನ ಮೂರಕ್ಕೆ ಮತ್ತೆ ದುಡ್ಡು ಬಿಚ್ಚಬೇಕಾಯ್ತು. ಹಾರಿ ಮುಕ್ಕಾಲು ಗಂಟೆಗೆ ಬಜ್ಪೆ ಮೇಲೆ ಇದ್ದೆವು, ಕೆಳಗೆ ನೋಡಿದರೆ ಬರೀ ಮೋಡ. ಗುಡ್ಡೆಯ ತಲೆ ಸಪಾಟು ಮಾಡಿ ಕಟ್ಟಿದ ರನ್‌ವೇ ಅದು, ಕಾಣದೆ ಇಳಿಸ್ಲಿಕ್ಕಾಗುವುದಿಲ್ಲ. ನಾಲ್ಕು ಸುತ್ತು ಹೊಡೆದು ವಾಪಸ್ ಬೆಂಗಳೂರಿಗೇ! ಮೋಡ ತಿಳಿಯಾದ ಮೇಲೆ ಮತ್ತೆ ಹಾರಿಸಿದರು. ಕದ್ರಿಯ ಮನೆ ಸೇರುವಾಗ ಸಂಜೆ 4. ಹನ್ನೆರಡು ಗಂಟೆ! ಹವಾಮಾನ ಅಂತ ಹೇಳಿ ಪರಿಹಾರವೂ ಇಲ್ಲ. ಒಂದು ಉಪ್ಪಿಟ್ಟು ಕೊಟ್ಟರು, ಅದೂ ತಣ್ಣಗೆ.

ಶಿರಾಡಿ ಸಂತ್ರಸ್ತ: ಹನ್ನೆರಡೇ ತಾನೇ ಸ್ವಾಮಿ? ನಾನು ದುಡ್ಡು ಉಳಿಸೋಕೆ ಹೋಗಿ ರಾತ್ರಿ ಸ್ಲೀಪರ್ ಹತ್ತಿದವನು. ಸಕಲೇಶಪುರ ದಾಟಿ ದೋಣಿಗಾಲ್ ಹತ್ರ ಗುಡ್ಡ ಕುಸಿದಿತ್ತು. ಬಸ್ ಮೂಡಿಗೆರೆ ಕಡೆ ತಿರುಗಿಸಿದ್ರು. ಚಾರ್ಮಾಡಿಯಲ್ಲಿ ದೊಡ್ಡ ಬಸ್ ಬಿಡಲ್ಲ ಅಂದ್ರು. ಅಲ್ಲಿಂದ ಮಡಿಕೇರಿ, ಸಂಪಾಜೆ. ಹತ್ತೊಂಬತ್ತು ಗಂಟೆ ಕಣ್ರೀ! ಟಿಕೆಟ್ 950, ದಾರಿಯಲ್ಲಿ ಊಟ, ಮಾತ್ರೆ, ಶೌಚಾಲಯ ಎಲ್ಲಾ ಸೇರಿ 600. ಮದುವೆಗೆ ಹೊರಟವನು ಬೀಗರೂಟಕ್ಕೂ ಸಿಗಲಿಲ್ಲ. ಅವತ್ತಿಂದ ವಿಮಾನ ಬಿಟ್ಟು ಬೇರೆ ಹತ್ತಿಲ್ಲ.

ರೈಲಿನವಳು: ಯಶವಂತಪುರದಿಂದ ಹಗಲು ರೈಲಿದೆ, ಗಾಜಿನ ಬೋಗಿಯೂ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ.ಗೆ 57 ಸುರಂಗ. ಅಲ್ಲಿ ರೈಲು 30ರ ವೇಗ ದಾಟಲ್ಲ, ದಾಟೋದೂ ಬೇಡ. ನಾನು ಎಲ್ಲಾ ಎಣಿಸಿದ್ದೀನಿ.

ಶಿರಾಡಿ ಸಂತ್ರಸ್ತ: ಸುರಂಗ ಎಣಿಸೋಕೆ ನಿಮ್ಮನ್ನ ಯಾರು ಕೇಳಿದ್ರು? ಮಳೆ ಬಂದ್ರೆ ಹಳಿ ಮೇಲೂ ಮಣ್ಣು ಬೀಳುತ್ತೆ.

ರೈಲಿನವಳು: ಬೀಳಲಿ. ನಮ್ಮತ್ತೆ ಕೊಟ್ಟ ಕೊಬ್ಬರಿಯನ್ನು ಬ್ಯಾಗಿಂದ ತೆಗೆಸಿ ಬುಟ್ಟಿಗೆ ಹಾಕಿದ್ದು ವಿಮಾನದವರೇ. ರೈಲಲ್ಲಿ ಯಾರೂ ಕೇಳಲ್ಲ.

ಬಜ್ಪೆ ಗುಡ್ಡೆ: ಕೊಬ್ಬರಿಯಲ್ಲಿ ಎಣ್ಣೆ ಉಂಟಲ್ಲ ಅಕ್ಕಾ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಅದು ಅಪಾಯದ ಸರಕಿನ ಪಟ್ಟಿಯಲ್ಲಿ ಉಂಟು. ಗೊತ್ತಿಲ್ಲದೆ ಬೈಯಬೇಡಿ.

ರೈಲಿನವಳು: ತಿಪಟೂರಿನವಳಿಗೆ ಕೊಬ್ಬರಿ ಪಾಠ ಹೇಳ್ತೀರಾ? ನಮ್ಮ ಅಟ್ಟದ ಮೇಲೆ ವರ್ಷಗಟ್ಟಲೆ ಇರುತ್ತೆ, ಇವತ್ತಿನವರೆಗೆ ಒಂದು ಮನೆಯೂ ಸುಟ್ಟಿಲ್ಲ.

ಬನಶಂಕರಿಯವನು: ಅಮ್ಮನಿಗೆ ವೀಲ್‌ಚೇರ್ ಮೊದಲೇ ಹೇಳಬೇಕಾ?

ಶಿರಾಡಿ ಸಂತ್ರಸ್ತ: ಟಿಕೆಟ್ ಮಾಡುವಾಗಲೇ ಹೇಳಿ, ತಡ ಅಂದ್ರೂ 48 ಗಂಟೆ ಮುಂಚೆ. ಅಕ್ಕಾವ್ರೇ, ಅಟ್ಟ ಬೇರೆ, ವಿಮಾನದ ಹೊಟ್ಟೆ ಬೇರೆ.