ಕೆಂಪು ಕೊಕ್ಕಿನ ಕ್ವೀಲಿಯಾ: ಹೆಸರು ಇಮ್ಮಡಿಯಾದದ್ದೇಕೆ, ಆವರಣ ಬಂದದ್ದೇಕೆ?

ಪ್ರಶ್ನೆ – ಪ್ರಾಣಿಶಾಸ್ತ್ರ ವಿದ್ಯಾರ್ಥಿನಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಆಫ್ರಿಕಾದ ಜೋಳ, ಸಜ್ಜೆಯ ಹೊಲಗಳ ಮೇಲೆ ಭಾರಿ ಹಿಂಡುಗಳಲ್ಲಿ ಎರಗುವ ಕೆಂಪು ಕೊಕ್ಕಿನ ನೇಕಾರ ಹಕ್ಕಿಯ ಕುರಿತು ಸೆಮಿನಾರಿಗೆ ಸಿದ್ಧತೆ ನಡೆಸಿದ್ದೇನೆ. ಅದರ ವೈಜ್ಞಾನಿಕ ಹೆಸರನ್ನು ‘ಕ್ವೀಲಿಯಾ ಕ್ವೀಲಿಯಾ (ಲಿನೇಯಸ್, 1758)’ ಎಂದು ಬರೆಯುತ್ತಾರೆ. ಕುಲಕ್ಕೂ ಪ್ರಭೇದಕ್ಕೂ ಒಂದೇ ಹೆಸರಿಡಲು ನಿಯಮ ಒಪ್ಪುತ್ತದೆಯೇ? ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಆವರಣದೊಳಗೆ ಏಕಿದ್ದಾನೆ? ಹಳೆಯ ಪುಸ್ತಕವೊಂದರಲ್ಲಿ ನೇಕಾರ ಹಕ್ಕಿಗಳನ್ನು ಗುಬ್ಬಿಯ ಕುಟುಂಬಕ್ಕೇ ಸೇರಿಸಿದ್ದಾರೆ. ಈಗಲೂ ಹಾಗೆಯೇ ಬರೆಯಬಹುದೇ?

ಉತ್ತರ – ನಿವೃತ್ತ ಉಪನ್ಯಾಸಕ, ಮಂಡ್ಯ

ಆವರಣದಿಂದಲೇ ಆರಂಭಿಸೋಣಮ್ಮ. 1758ರಲ್ಲಿ ಲಿನೇಯಸ್ ಇಟ್ಟ ಹೆಸರು ಲಾಕ್ಸಿಯಾ ಕ್ವೀಲಿಯಾ. ಕಾಳು ಒಡೆಯುವ ದಪ್ಪ ಕೊಕ್ಕಿನ ಹಕ್ಕಿಗಳು ಬಹುಪಾಲು, ನಂಟಿರಲಿ ಬಿಡಲಿ, ಆತನ ಲಾಕ್ಸಿಯಾ ಕುಲದಲ್ಲಿ ಬಂದು ಬೀಳುತ್ತಿದ್ದವು. ಇಂದು ಆ ಹೆಸರು ಚಳಿನಾಡಿನ ಕತ್ತರಿಕೊಕ್ಕಿನ ಹಕ್ಕಿಗಳಿಗಷ್ಟೇ ಉಳಿದಿದೆ. 1850ರಲ್ಲಿ ಜರ್ಮನಿಯ ರೈಖೆನ್‌ಬಾಖ್ ಈ ಹಕ್ಕಿಗೆ ಬೇರೆ ಕುಲ ಕಲ್ಪಿಸಿ, ಪ್ರಭೇದದ ಹೆಸರನ್ನೇ ಕುಲಕ್ಕೂ ಕೊಟ್ಟ. ಪ್ರಾಣಿಗಳ ನಾಮಕರಣ ಸಂಹಿತೆ ಇದಕ್ಕೆ ಅಡ್ಡಿ ಮಾಡುವುದಿಲ್ಲ. ಸಸ್ಯಗಳ ಸಂಹಿತೆ ಮಾತ್ರ ಒಪ್ಪುವುದಿಲ್ಲ. ಪ್ರಭೇದವೊಂದು ಮೂಲ ಕುಲದಿಂದ ಬೇರೆ ಕುಲಕ್ಕೆ ಹೋದಾಗ ಮೊದಲು ಹೆಸರಿಟ್ಟವರನ್ನು ಆವರಣದಲ್ಲಿ ತೋರಿಸುವುದು ಕ್ರಮ.

ಗುಬ್ಬಿಯ ಕುಟುಂಬ ಪ್ಯಾಸರಿಡೇ, ನೇಕಾರರದು ಪ್ಲೋಸಿಡೇ. ಗುಬ್ಬಿಗಿಂತ ನಮ್ಮ ರಾಟವಾಳಗಳೇ ನೇಕಾರರಿಗೆ ಹತ್ತಿರದ ಸಂಬಂಧಿಗಳೆಂದು ವಂಶವಾಹಿಗಳ ಅಧ್ಯಯನ ತೋರಿಸಿರುವುದರಿಂದ ಹಳೆಯ ಪುಸ್ತಕದ ವಿಂಗಡಣೆಯನ್ನು ಕೈಬಿಡಿ.

ಉತ್ತರ – ಪಕ್ಷಿವೀಕ್ಷಕ, ಮೈಸೂರು

ಉಪನ್ಯಾಸಕರ ಮಾತಿಗೆ ಒಂದು ಸೇರ್ಪಡೆ. ಲಿನೇಯಸ್ ಈ ಹಕ್ಕಿಯ ನೆಲೆ ಭಾರತವೆಂದು ಬರೆದಿದ್ದ! ಪೂರ್ವದೇಶಗಳಿಂದ ಮರಳುವ ಹಡಗುಗಳು ಆಫ್ರಿಕಾದ ಕರಾವಳಿಯಲ್ಲಿ ತಂಗುವಾಗ ಹಕ್ಕಿಗಳನ್ನು ಹತ್ತಿಸಿಕೊಂಡದ್ದರಿಂದ ಹೀಗಾಯಿತೆಂಬ ಊಹೆಯಿದೆ. ಮುಂದೆ ಅದರ ಮೂಲ ನೆಲೆಯನ್ನು ಸೆನೆಗಲ್ ಎಂದು ತಿದ್ದಲಾಯಿತು. ನಾಲೆಯ ಬದಿಯ ಈಚಲು ಮರಗಳಲ್ಲಿ ಗೂಡು ನೇಯುವ ನಮ್ಮ ಗೀಜಗದ ಕತೆಯೂ ಇಂಥದೇ. 1766ರಲ್ಲಿ ಅದಕ್ಕೆ ಫಿಲಿಪ್ಪೀನ್ಸಿನ ಹೆಸರು ಬಿತ್ತು. ಆ ದ್ವೀಪಗಳಲ್ಲಿ ಅದು ಸಹಜವಾಗಿ ವಾಸಿಸುವ ಹಕ್ಕಿಯೇ ಅಲ್ಲ. ಆದರೂ ಅರ್ಥ ಹೊಂದುವುದಿಲ್ಲವೆಂಬ ಕಾರಣಕ್ಕೆ ಹೆಸರು ಬದಲಿಸಲು ಸಂಹಿತೆ ಬಿಡುವುದಿಲ್ಲ.

ಮರುಪ್ರಶ್ನೆ – ವಿದ್ಯಾರ್ಥಿನಿ

ಧನ್ಯವಾದಗಳು ಸರ್. ಹಾಗಾದರೆ ಆಫ್ರಿಕಾದ ಹಳ್ಳಿ ನೇಕಾರ ಹಕ್ಕಿಯನ್ನು ಗೀಜಗದ ಪ್ಲೋಸಿಯಸ್ ಕುಲದಲ್ಲೇ ಬರೆಯಲೇ?

ಉತ್ತರ – ನಿವೃತ್ತ ಉಪನ್ಯಾಸಕ, ಮಂಡ್ಯ

ಬಳಕೆಯಲ್ಲಿರುವ ಹೆಸರು ಪ್ಲೋಸಿಯಸ್ ಕುಕುಲ್ಲೇಟಸ್. ಅದನ್ನೇ ಬರೆಯಿರಿ, ಹಕ್ಕಿಗಳ ಹೆಸರುಗಳ ಯಾವ ಪಟ್ಟಿಯನ್ನು ಅನುಸರಿಸಿದ್ದೀರೆಂಬುದನ್ನೂ ಸೂಚಿಸಿ. ಆದರೆ ಏಷ್ಯಾದ ಮತ್ತು ಆಫ್ರಿಕಾದ ಪ್ಲೋಸಿಯಸ್‌ಗಳು ಒಂದೇ ಕವಲಿನವಲ್ಲವೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಕುಲ ಒಡೆದರೆ ಹೆಸರು ಮಾದರಿ ಪ್ರಭೇದದ, ಅಂದರೆ ಕುಲನಾಮ ಯಾವ ಪ್ರಭೇದಕ್ಕೆ ಅಂಟಿಕೊಂಡಿದೆಯೋ ಅದರ, ಪಾಲಿಗೆ ಹೋಗುತ್ತದೆ, ಮತ್ತು ಪ್ಲೋಸಿಯಸ್‌ನ ಮಾದರಿ ಪ್ರಭೇದ ನಮ್ಮ ಗೀಜಗವೇ. ಆದ್ದರಿಂದ ಹೊಸ ಕುಲನಾಮ ಹುಡುಕಬೇಕಾದವು ಸಂಖ್ಯೆಯಲ್ಲಿ ಬಹಳ ಹೆಚ್ಚಿರುವ ಆಫ್ರಿಕಾದ ಹಕ್ಕಿಗಳು. ಕ್ವೀಲಿಯಾಗೆ ಈ ತಕರಾರು ತಟ್ಟುವುದಿಲ್ಲ.